ವಿದ್ಯುದಾಗಾರದ ಒಕ್ಕಲು

ನೌಕರನು ತಾನು ದುಡಿಯುವ ಸಂಸ್ಥೆಯಲ್ಲಿ ಇರಿಸುವ ನಿಷ್ಠೆಯನ್ನು ಇಂದಿನ ಮಾನವ ಸಂಪನ್ಮೂಲ ವಿಭಾಗಗಳು ಪ್ರಶ್ನಾವಳಿಗಳ ಮೂಲಕ ಅಳೆಯುತ್ತವೆ. ತರಬೇತಿ, ಬಡ್ತಿ, ಪ್ರಶಸ್ತಿಪತ್ರ ಮೊದಲಾದ ಉಪಾಯಗಳಿಂದ ಅದನ್ನು ಬೆಳೆಸಬಹುದೆಂದೂ ನಂಬುತ್ತವೆ. ನಮ್ಮ ನಾಡಿನ ವಿದ್ಯುತ್ ಇಲಾಖೆಯಲ್ಲಿಯಾದರೋ ಈ ನಿಷ್ಠೆ ಮೊಳೆತದ್ದು, ಅಂಥ ವಿಭಾಗವಾಗಲಿ ಆ ಹೆಸರಾಗಲಿ ಹುಟ್ಟುವುದಕ್ಕೆ ಬಹುಕಾಲ ಮುಂಚೆ, ನದಿಗಳು ಧುಮುಕುವ ಸ್ಥಳಗಳು ಪಟ್ಟಣಗಳಿಂದ ದೂರವಿದ್ದುವೆಂಬ ಕೇವಲ ಭೌಗೋಳಿಕ ಕಾರಣದಿಂದ.

ಕಾವೇರಿಯ ಶಿವನಸಮುದ್ರದಲ್ಲಿ ವಿದ್ಯುತ್ತನ್ನು ಉತ್ಪಾದಿಸಿ ಕೋಲಾರದ ಚಿನ್ನದ ಗಣಿಗಳಿಗೆ ಸಾಗಿಸುವ ಯೋಜನೆ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಅಂಗೀಕೃತವಾಗಿ, ಜಾಲಿ ದ ಲಾಟ್ಬಿನಿಯರ್ ಎಂಬ ಎಂಜಿನಿಯರರ ಮೇಲ್ವಿಚಾರಣೆಯಲ್ಲಿ ರೂಪುಗೊಂಡು, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಮತ್ತು ಸ್ವಿಟ್ಸರ್ಲೆಂಡಿನ ಎಶರ್ ವಿಸ್ ಸಂಸ್ಥೆಗಳ ಯಂತ್ರಗಳನ್ನು ಪಡೆದು, 1902ರ ಜೂನ್ ತಿಂಗಳ ಕಡೆಯ ದಿನ ಫಲಿಸಿದಾಗ, ತಲಾ 720 ಕಿಲೋವಾಟಿನ ಆರು ಯಂತ್ರಗಳ ಶಕ್ತಿ ಸುಮಾರು 147 ಕಿಲೋಮೀಟರು ದೂರದ ಗಣಿಗಳಿಗೆ ಹರಿಯಿತು. ಯಂತ್ರಗಳನ್ನು ಹಡಗಿನಲ್ಲಿ ತರಿಸಿಕೊಳ್ಳುವುದು ಸಾಧ್ಯವಿದ್ದಿತು. ಅವುಗಳ ಬಳಿ ಹಗಲಿರುಳೂ ಪಾಳಿಯ ಮೇಲೆ ಎಚ್ಚರವಾಗಿರಬಲ್ಲ ಮನುಷ್ಯರನ್ನು ಆ ಕಣಿವೆಯಲ್ಲಿ ನಿಲ್ಲಿಸಿಕೊಳ್ಳುವುದು ಬೇರೆಯೇ ಮಾತು. ಆದುದರಿಂದ ಬ್ಲಫ್ ಎಂದು ಇಂದಿಗೂ ಕರೆಯಲ್ಪಡುವ ದಿಬ್ಬದ ಮೇಲೆ ವಸತಿಗಳು ಎದ್ದುವು. ಔದಾರ್ಯದ ಮಾತು ಇಲ್ಲಿ ಅನಗತ್ಯ: ಮನೆಯಿಲ್ಲದಿದ್ದರೆ ಆಳಿಲ್ಲ, ಆಳಿಲ್ಲದಿದ್ದರೆ ಗಣಿಗೆ ಶಕ್ತಿಯಿಲ್ಲ.

ಇದೇ ಪದ್ಧತಿ ಮಲೆನಾಡಿಗೆ ಬಂದಾಗ ಇನ್ನಷ್ಟು ವಿಸ್ತಾರವಾಯಿತು. 1939ರಲ್ಲಿ ಜೋಗದ ಕೆಳಗೆ ಆರಂಭವಾದ ಯೋಜನೆ, ಮಹಾತ್ಮಾ ಗಾಂಧಿಯವರ ಹೆಸರನ್ನು ಹೊತ್ತ ವಿದ್ಯುದಾಗಾರವಾಗಿ ಮುಗಿಯಿತು. 1960ರ ದಶಕದಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಬಂದಿತು. 1970ರಲ್ಲಿ ಉತ್ಪಾದನೆಗೆಂದೇ ಪ್ರತ್ಯೇಕ ನಿಗಮವೊಂದು ಸ್ಥಾಪಿತವಾಯಿತು. ಆ ನಿಗಮ ಕಾಳಿ ಕೊಳ್ಳದಲ್ಲಿ ಅಂಬಿಕಾನಗರವನ್ನೂ, ಕೃಷ್ಣೆಯ ದಂಡೆಯ ರಾಯಚೂರು ಶಾಖೋತ್ಪನ್ನ ಕೇಂದ್ರದ ಬಳಿ ಶಕ್ತಿನಗರವನ್ನೂ ಕಟ್ಟಿತು. ಮಲೇರಿಯಾದ ಹೆಸರಿಗೇ ಜನ ಬೆಚ್ಚುತ್ತಿದ್ದ ಕಾಡಿಗೆ ಬಯಲುಸೀಮೆಯ ಗೃಹಸ್ಥನೊಬ್ಬನು ಹೆಂಡತಿ ಮಕ್ಕಳೊಡನೆ ಬರಬೇಕಾದರೆ ಸಂಬಳವೊಂದೇ ಸಾಲದು. ಶಾಲೆ ಬೇಕು, ಆಸ್ಪತ್ರೆ ಬೇಕು, ಸಂಜೆ ಹೊತ್ತು ಕಳೆಯಲು ಕ್ಲಬ್ಬು ಬೇಕು, ಗಣಪತಿಯನ್ನು ಕೂರಿಸಲು ಪೆಂಡಾಲು ಬೇಕು. ಇವೆಲ್ಲವೂ ಕಾಲೊನಿಯೆಂಬ ಒಂದೇ ಪ್ರಾಕಾರದೊಳಗೆ ಒದಗಿದುವು. ಕ್ವಾರ್ಟರ್ಸಿನ ಗೋಡೆಯಾಚೆಯ ನೆರೆಯವನೇ ಪಾಳಿಯಲ್ಲಿ ಸಹೋದ್ಯೋಗಿ. ಅವನ ಮಗಳು ತನ್ನ ಮಗನ ಸಹಪಾಠಿ. ರಾತ್ರಿಪಾಳಿಯಲ್ಲಿ ತಾನು ತೂಕಡಿಸಿದರೆ ಆ ಸುದ್ದಿ ಬೆಳಗಿನ ಹಾಲಿನ ಜೊತೆಗೇ ಮನೆಮನೆಗೆ ತಲುಪುವಂಥದು. ಮೇಲಧಿಕಾರಿಯ ತಪಾಸಣೆಗಿಂತ ಈ ನೆರೆಹೊರೆಯ ಕಣ್ಣು ಹೆಚ್ಚು ಕೆಲಸ ಮಾಡಿತೆಂಬುದು ನನ್ನ ಭಾವನೆ. ಪ್ರಾಕಾರದ ಹೊರಗೆ, ಶರಾವತಿಯ ಹಿನ್ನೀರಿಗೆ ನೆಲ ಕಳೆದುಕೊಂಡವರ ಎಷ್ಟೋ ಮನೆಗಳಲ್ಲಿ ದಶಕಗಳ ಕಾಲ ಬುಡ್ಡಿದೀಪವೇ ಉರಿಯುತ್ತಿದ್ದುದನ್ನು ಮಾತ್ರ ಕಾಲೊನಿಯ ಈ ಸೌಹಾರ್ದವನ್ನು ಮೆಚ್ಚುವವರು ಮರೆಯಬಾರದು.

ಹವರ್ಡ್ ಬೆಕರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು 1960ರಲ್ಲಿ ಇಂಥ ನಿಷ್ಠೆಗೊಂದು ವಿವರಣೆ ನೀಡಿದರು. ಮನುಷ್ಯನು ಒಂದು ಕೆಲಸದ ಸುತ್ತ ತಿಳಿದೋ ತಿಳಿಯದೆಯೋ ಸಣ್ಣ ಸಣ್ಣ ಪಣಗಳನ್ನು ಒಡ್ಡುತ್ತ ಹೋಗುತ್ತಾನೆ. ಸೇವಾಹಿರಿತನ, ನಿವೃತ್ತಿವೇತನ, ಬೇರೂರಿದ ಸಂಸಾರ, ಊರಿನವರಲ್ಲಿ ಗಳಿಸಿದ ಹೆಸರು ಇವೆಲ್ಲ ಸೇರಿ, ಬಿಟ್ಟು ಹೊರಟರೆ ಕಳೆದುಕೊಳ್ಳುವುದೇ ಹೆಚ್ಚೆನ್ನುವ ಸ್ಥಿತಿ ಒದಗಿದಾಗ, ಅವನು ಅಲ್ಲಿಯೇ ಉಳಿಯುತ್ತಾನೆ. ಮೂರು ದಶಕಗಳ ತರುವಾಯ ಕೆನಡಾದ ಜಾನ್ ಮೇಯರ್ ಮತ್ತು ನಟಾಲಿ ಆಲನ್ ಎಂಬ ಮನಶ್ಶಾಸ್ತ್ರಜ್ಞರು ಈ ನಷ್ಟಭಯದ ಬಂಧದೊಡನೆ ಮತ್ತೆರಡನ್ನು ಸೇರಿಸಿದರು: ಸಂಸ್ಥೆಯ ಮೇಲಣ ಅಕ್ಕರೆಯದೊಂದು, ಉಳಿಯುವುದೇ ಧರ್ಮವೆಂಬ ಕರ್ತವ್ಯಬುದ್ಧಿಯದೊಂದು. ಕಾಗದದ ಮೇಲೆ ಇವು ಮೂರಾಗಿ ತೋರುತ್ತವೆ. ಮೂವತ್ತು ವರ್ಷ ಜೋಗದ ಕೆಳಗಣ ವಿದ್ಯುದಾಗಾರಕ್ಕೆ ಟ್ರಾಲಿಯಲ್ಲಿ ಇಳಿದು ಹತ್ತಿದವನನ್ನು, ಇವುಗಳಲ್ಲಿ ನಿನ್ನನ್ನು ಹಿಡಿದಿಟ್ಟದ್ದು ಯಾವುದಪ್ಪಾ ಎಂದು ಕೇಳಿದರೆ ಅವನು ನಕ್ಕು ಸುಮ್ಮನಾದಾನು.

ಕಾಲೊನಿಯ ಆಶ್ರಯವಿಲ್ಲದ ಲೈನ್‌ಮ್ಯಾನನ ವಿಷಯ ಬೇರೆ. ಹಳೆಯ ವಿದ್ಯುತ್ ಮಂಡಳಿಯಲ್ಲಿ ಎಷ್ಟೋ ಮಂದಿ ದಿನಗೂಲಿಯ ಗ್ಯಾಂಗಿನಲ್ಲಿ ಕಂಬ ಹೊತ್ತು, ಖಾಯಮ್ಮಾಗುವ ಆಸೆಯಲ್ಲಿ ವರ್ಷಗಳನ್ನು ಸವೆಸಿದರು; ಇಂದು ಕಿರಿಯ ಪವರ್‌ಮ್ಯಾನ್ ಹುದ್ದೆಗೆ ಹತ್ತನೆಯ ತರಗತಿಯ ಅಂಕಗಳಿದ್ದರೂ ಎಂಟು ಮೀಟರಿನ ಕಂಬವನ್ನು ಹತ್ತಿ ತೋರಿಸದೆ ಗತ್ಯಂತರವಿಲ್ಲ. ಕಂಬದ ಮೇಲಿರುವವನ ಪ್ರಾಣ ಸ್ಟೇಷನ್ನಿನಲ್ಲಿ ಕುಳಿತು, ತಂತಿಯಲ್ಲಿ ವಿದ್ಯುತ್ತಿಲ್ಲವೆಂಬ ಭರವಸೆಯಾದ ಲೈನ್ ಕ್ಲಿಯರ್ ಕೊಟ್ಟವನ ಕೈಯಲ್ಲಿರುತ್ತದೆ. ನಿಯಮಪುಸ್ತಕದ ಎಲ್ಲ ಅಧ್ಯಾಯಗಳೂ ಹುಟ್ಟಿಸಲಾರದ ಪರಸ್ಪರ ವಿಶ್ವಾಸವನ್ನು ಈ ಒಂದು ಪದ್ಧತಿ ಹುಟ್ಟಿಸಿತು. ಮೇಲಾಗಿ, ಮಳೆಗಾಳಿಯ ರಾತ್ರಿ ಹೆಸರು ಹಿಡಿದು ಕೂಗುತ್ತ ಬಾಗಿಲಿಗೆ ಬರುವ ರೈತನಿಗೆ ಇಲ್ಲವೆನ್ನುವುದು ಊರೊಳಗಣ ನೌಕರನಿಗೆ ಸುಲಭವಲ್ಲ. ಅವನ ನಿಷ್ಠೆ ಮಂಡಳಿಗಿಂತ ತನ್ನ ಫೀಡರಿಗೆ, ತನ್ನ ಹೋಬಳಿಗೆ ಸಂದದ್ದು.

ಈ ನಿಷ್ಠೆಗೆ ಸರಕಾರ ಬೆಲೆ ಕಟ್ಟಬೇಕಾಗಿ ಬಂದದ್ದು 1999ರಲ್ಲಿ. 1957ರಲ್ಲಿ ಹುಟ್ಟಿ ಕೆಇಬಿಯೆಂದು ಹೆಸರಾದ ವಿದ್ಯುತ್ ಮಂಡಳಿ 1999ರ ಆಗಸ್ಟ್ 1ರಂದು ಪ್ರಸರಣ ನಿಗಮವಾಗಿ ಮಾರ್ಪಟ್ಟಿತು. 2002ರ ಜೂನಿನಲ್ಲಿ ಅದರಿಂದ ನಾಲ್ಕು ವಿತರಣಾ ಕಂಪನಿಗಳು ಒಡೆದು ಹೊರಬಂದುವು, ಮೈಸೂರಿನದು ಐದನೆಯದಾಗಿ 2005ರಲ್ಲಿ ಸೇರಿತು. ಜನರಿಗೆ ಮಾತ್ರ ಇಂದಿಗೂ ಎಲ್ಲವೂ ಕೆಇಬಿಯೇ. ಮಂಡಳಿಯ ನೌಕರನಾಗಿ ಮಲಗಿದವನು ಕಂಪನಿಯ ನೌಕರನಾಗಿ ಏಳುವಾಗ ಮೊದಲು ಕೇಳುವ ಪ್ರಶ್ನೆ, ನನ್ನ ಪಿಂಚಣಿಯ ಗತಿಯೇನು ಎಂಬುದು. ಸರಕಾರ, ನಿಗಮ ಮತ್ತು ನೌಕರರ ಸಂಘಟನೆಗಳು ಕೂಡಿ ತ್ರಿಪಕ್ಷೀಯ ಒಪ್ಪಂದಕ್ಕೆ ಸಹಿ ಹಾಕಿದುವು. ಪಿಂಚಣಿ ಮತ್ತು ಉಪದಾನಕ್ಕೆಂದು ನ್ಯಾಸವೊಂದು ಏರ್ಪಟ್ಟಿತು. ಬೆಕರರು ಹೇಳಿದ ಪಣವನ್ನು ಉಳಿಸಿಕೊಡುವೆನೆಂದು ಸರಕಾರವೇ ಬರೆದುಕೊಟ್ಟಂತಾಯಿತು.

ಆ ಬರಹ ಎಲ್ಲರಿಗೂ ಅನ್ವಯಿಸುವುದಿಲ್ಲ. 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರಿಗೆ ಹಳೆಯ ಪಿಂಚಣಿಯಿಲ್ಲ, ವಂತಿಗೆಯ ಹೊಸ ಯೋಜನೆಯುಂಟು. ಅವರಿಗಿಂತ ಕೆಳಗಿನ ಮೆಟ್ಟಿಲಲ್ಲಿ, ಹಳ್ಳಿಗಳಲ್ಲಿ ಮೀಟರು ಓದಿ ಹಣ ವಸೂಲು ಮಾಡುವ ಗ್ರಾಮ ವಿದ್ಯುತ್ ಪ್ರತಿನಿಧಿ, ಹೊರಗುತ್ತಿಗೆಯ ಸಂಸ್ಥೆಯಿಂದ ಬಂದು ಉಪಕೇಂದ್ರದ ಪಾಳಿ ನೋಡುವ ಆಪರೇಟರು ಇದ್ದಾರೆ. ಲೈನ್ ಕ್ಲಿಯರ್ ಕೊಡುವ ಹೊಣೆ ಅದೇ. ಕೊಡುವವನ ಹಿಂದೆ ಕ್ವಾರ್ಟರ್ಸಿಲ್ಲ, ಸೇವಾಹಿರಿತನವಿಲ್ಲ, ಮುಂದಿನ ಟೆಂಡರಿನಲ್ಲಿ ಯಾರ ಕೈಕೆಳಗಿರುವೆನೆಂಬ ನಿಶ್ಚಯವೂ ಇಲ್ಲ. ಇಷ್ಟರ ಮೇಲೂ ರಾತ್ರಿಪಾಳಿಗೆ ಅವನು ತಪ್ಪದೆ ಬರುತ್ತಾನೆಂಬುದೇ ಆಶ್ಚರ್ಯ.

2025ರ ಏಪ್ರಿಲಿನಿಂದ ಪಿಂಚಣಿ ಮತ್ತು ಉಪದಾನದ ವಂತಿಗೆಗೆಂದು ಯೂನಿಟ್ಟಿಗೆ 36 ಪೈಸೆಯನ್ನು ಗ್ರಾಹಕರಿಂದ ಪಡೆಯಲು ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಅನುಮತಿಯಿತ್ತಾಗ, ನೌಕರರ ಪಿಂಚಣಿಯನ್ನು ನಾವೇಕೆ ತೆರಬೇಕೆಂಬ ಗೊಣಗು ನಾಡಿನಲ್ಲೆಲ್ಲ ಎದ್ದಿತು. ಸರಕಾರ ತಾನು ಒಪ್ಪಿದ ಹೊಣೆಯನ್ನು ಗ್ರಾಹಕನ ಹೆಗಲಿಗೆ ಜಾರಿಸಿತೆಂಬ ಆಕ್ಷೇಪದಲ್ಲಿ ಹುರುಳುಂಟು. ಆದರೆ ಆ ಹಣ ಯಾರಿಗೋ ಕೊಟ್ಟ ದಾನವೆಂಬ ಮಾತನ್ನು ನಾನು ಒಪ್ಪಲಾರೆ. ದಶಕಗಳ ಕಾಲ ಕಾಡಿನ ವಿದ್ಯುದಾಗಾರಗಳಲ್ಲಿ, ಊರಿನ ಕಂಬಗಳ ಮೇಲೆ ನಾವು ಪಡೆದ ದುಡಿಮೆಯ ಉಳಿದ ಬಾಕಿ ಅದು. ಹೊರಗುತ್ತಿಗೆಯ ಆಪರೇಟರನ ಹೆಸರಿನಲ್ಲಿ ಅಂಥ ಬಾಕಿಯನ್ನು ಯಾರೂ ಬರೆದಿಟ್ಟಿಲ್ಲ. ಎರಡು ಸಾವಿರ ರೂಪಾಯಿ ಹೆಚ್ಚಿಗೆ ಕೊಡುವ ಕಾರ್ಖಾನೆಯೊಂದು ಕರೆದಾಗ ಅವನು ಮರುದಿನವೇ ಹೊರಟರೆ, ನಿಷ್ಠೆಯಿಲ್ಲದವನೆಂದು ದೂರುವ ಹಕ್ಕು ಅವನನ್ನು ದುಡಿಸಿಕೊಂಡವರಿಗಿಲ್ಲ.