ಮೇಣದಬತ್ತಿಯ ಅಳತೆಯೂ ಒಂದು ಅಮಾನತ್

ಅಳತೆ ಮತ್ತು ತೂಕದಲ್ಲಿ ಕಡಿತ ಮಾಡುವವರಿಗೆ ಪವಿತ್ರ ಕುರ್‌ಆನಿನ 83ನೇ ಅಧ್ಯಾಯ ‘ಅಲ್ ಮುತಫ್ಫಿಫೀನ್’ ಕಠಿಣ ಎಚ್ಚರಿಕೆ ನೀಡುತ್ತದೆ. ಮದ್‌ಯನ್ ಜನರ ಬಳಿಗೆ ಬಂದ ಪ್ರವಾದಿ ಶುಐಬ್(ಅ)ರು ತೌಹೀದ್‌ನ ಜೊತೆಯಲ್ಲೇ ತಕ್ಕಡಿಯ ನ್ಯಾಯವನ್ನೂ ಬೋಧಿಸಿದರು. ಜುಮಾ ಖುತ್ಬಾದಲ್ಲಿ ಇದನ್ನು ಕೇಳುವಾಗ ನಮ್ಮ ಮನಸ್ಸು ಮಂಡಿಯ ವ್ಯಾಪಾರಿಗಳತ್ತ ಹೋಗುತ್ತದೆ. ಆದರೆ ಮನೆಯಲ್ಲೇ ಮೇಣ ಕರಗಿಸಿ, ಬತ್ತಿ ಎರೆದು, ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಹಾಕಿ ಮಾರುವ ಸಹೋದರಿಯರಿಗೂ ಈ ಎಚ್ಚರಿಕೆ ಅಷ್ಟೇ ಅನ್ವಯಿಸುತ್ತದೆ.

ನಮ್ಮ ಜಿಲ್ಲೆಗೆ ಅಳತೆಯ ಲೆಕ್ಕ ಹೊಸದಲ್ಲ. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಬಾಕ್ಸ್ ಎಂದರೆ 15 ಕೆ.ಜಿ. ಎಂದು ಮುಳಬಾಗಿಲಿನ ರೈತನಿಗೂ ಗೊತ್ತು. ಮಾಲೂರಿನ ಇಟ್ಟಿಗೆ ಕೊಳ್ಳುವವರು ಉದ್ದ, ಅಗಲ, ದಪ್ಪ ನೋಡಿಯೇ ಕೊಳ್ಳುತ್ತಾರೆ. ಶ್ರೀನಿವಾಸಪುರದ ಮಾವಿನ ಬಾಕ್ಸ್‌ನಲ್ಲಿ ಮೇಲೆ ದಪ್ಪ ಕಾಯಿ, ಕೆಳಗೆ ಸಣ್ಣ ಕಾಯಿ ಜೋಡಿಸಿದರೆ ಅದು ಮೋಸವೆಂದು ಯಾರೂ ಹೇಳಿಕೊಡಬೇಕಿಲ್ಲ. ಪ್ರವಾದಿ(ಸ)ರು ಒಮ್ಮೆ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಒಳಗೆ ಒದ್ದೆಯಿತ್ತು. ಮಳೆಯಿಂದ ಹಾಗಾಯಿತೆಂದು ವ್ಯಾಪಾರಿ ಹೇಳಿದಾಗ, ಒದ್ದೆಯಾದದ್ದನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲವೆಂದು ಕೇಳಿ, ಮೋಸ ಮಾಡುವವನು ನಮ್ಮವನಲ್ಲವೆಂದರು. ಈ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ.

ಮೇಣದಬತ್ತಿಯಲ್ಲಿ ಮರೆಯಾಗುವುದು ಅದರ ಗಾತ್ರ. ಫೋಟೋದಲ್ಲಿ ಎಲ್ಲ ಬತ್ತಿಯೂ ದೊಡ್ಡದಾಗಿಯೇ ಕಾಣುತ್ತದೆ. ‘ಸ್ಮಾಲ್, ಮೀಡಿಯಂ, ಲಾರ್ಜ್’ ಎಂಬ ಮಾತಿಗೆ ಒಬ್ಬೊಬ್ಬರಲ್ಲಿ ಒಂದೊಂದು ಅರ್ಥ. ಎತ್ತರ ಮಾತ್ರ ಬರೆದರೂ ಸಾಲದು. 10 ಸೆಂ.ಮೀ. ಎತ್ತರದ ಬತ್ತಿಯ ಅಡ್ಡಳತೆ 5 ಸೆಂ.ಮೀ. ಇದ್ದರೆ ಅದರಲ್ಲಿ ಸುಮಾರು 175 ಗ್ರಾಂ ಮೇಣ ಹಿಡಿಯುತ್ತದೆ. ಅಡ್ಡಳತೆ 7.5 ಸೆಂ.ಮೀ. ಆದರೆ ಸುಮಾರು 400 ಗ್ರಾಂ. ಎತ್ತರ ಒಂದೇ, ಆದರೆ ಮೇಣ ಎರಡು ಪಟ್ಟಿಗೂ ಹೆಚ್ಚು. ಆದ್ದರಿಂದ ಎತ್ತರ, ಅಡ್ಡಳತೆ, ಮೇಣದ ತೂಕ ಮೂರನ್ನೂ ಬರೆಯಬೇಕು. ಫೋಟೋ ತೆಗೆಯುವಾಗ ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟರೆ ಇನ್ನೂ ಒಳ್ಳೆಯದು.

ಗಾಜಿನ ಲೋಟದಲ್ಲಿ ಎರೆಯುವವರು ಖಾಲಿ ಲೋಟವನ್ನು ಮೊದಲು ತೂಗಿ, ಆ ತೂಕವನ್ನು ಕೊನೆಗೆ ಕಳೆಯಬೇಕು. ಗಾಜಿನ ಭಾರಕ್ಕೆ ಮೇಣದ ಹೆಸರು ಕೊಡಬಾರದು. ಲೋಟ 200 ಮಿ.ಲೀ.ನದ್ದೆಂದು ಲೇಬಲ್‌ನಲ್ಲಿ 200 ಗ್ರಾಂ ಎಂದು ಬರೆಯುವುದೂ ತಪ್ಪು. ಮೇಣ ನೀರಿಗಿಂತ ಹಗುರ. ಕಂಠದವರೆಗೆ ತುಂಬಿದರೂ 180 ಗ್ರಾಂ ಆಸುಪಾಸು ಬರುತ್ತದೆ.

ಕೈಯಿಂದ ಮಾಡಿದ ಬತ್ತಿಗಳಲ್ಲಿ ಒಂದಕ್ಕೊಂದು ಸ್ವಲ್ಪ ವ್ಯತ್ಯಾಸ ಸಹಜ. ಹಾಗಾದರೆ ಯಾವ ತೂಕ ಬರೆಯಬೇಕು? ಎಲ್ಲವನ್ನೂ ಆರಿದ ಮೇಲೆ ತೂಗಿ, ಅತಿ ಕಡಿಮೆ ಬಂದದ್ದನ್ನೇ ಬರೆಯೋಣ. ತೂಗುವಾಗ ತಕ್ಕಡಿ ಕೊಳ್ಳುವವನ ಕಡೆಗೆ ತುಸು ಬಾಗಲಿ ಎಂಬುದು ಪ್ರವಾದಿ(ಸ)ರ ಬೋಧನೆ.

ಉರಿಯುವ ಅವಧಿಯನ್ನು ಅಂದಾಜಿನಿಂದ ಬರೆಯಬೇಡಿ. ಗಾಳಿಯಿಲ್ಲದ ಕೋಣೆಯಲ್ಲಿ ಒಂದು ಬತ್ತಿಯನ್ನು 4 ಗಂಟೆ ಉರಿಸಿ, ಆರಿದ ನಂತರ ತೂಗಿ. 20 ಗ್ರಾಂ ಕರಗಿದ್ದರೆ ಗಂಟೆಗೆ 5 ಗ್ರಾಂ. 175 ಗ್ರಾಂ ಬತ್ತಿಗೆ 35 ಗಂಟೆಯ ಲೆಕ್ಕ ಬಂದರೂ ಕೊನೆಯ ಮೇಣವೆಲ್ಲ ಉರಿಯುವುದಿಲ್ಲ. ‘ಸುಮಾರು 30 ಗಂಟೆ’ ಎನ್ನಿ. ಸೋಯಾ ಮೇಣಕ್ಕೆ ಪ್ಯಾರಾಫಿನ್ ಬೆರೆಸಿದ್ದರೆ ‘ಮಿಶ್ರ’ ಎಂದೇ ಬರೆಯಿರಿ.

ದೇಶದ ಕಾನೂನು ಕೇಳುವುದೂ ಇದನ್ನೇ. ಪ್ಯಾಕ್ ಮಾಡಿದ ಸರಕುಗಳ ಬಗೆಗಿನ 2011ರ ಮಾಪನ ನಿಯಮಗಳ ಪ್ರಕಾರ ತಯಾರಕರ ಹೆಸರು, ವಿಳಾಸ, ವಸ್ತುವಿನ ಹೆಸರು, ನಿವ್ವಳ ಪ್ರಮಾಣ, ತಯಾರಿಸಿದ ತಿಂಗಳು ಮತ್ತು ವರ್ಷ, ತೆರಿಗೆ ಸೇರಿದ ಗರಿಷ್ಠ ಬೆಲೆ, ದೂರಿಗೆ ಸಂಪರ್ಕ ಇವು ಪ್ಯಾಕೆಟ್ ಮೇಲಿರಬೇಕು. ಗಾತ್ರ ಮುಖ್ಯವಾದ ವಸ್ತುವಿಗೆ ಅದರ ಅಳತೆಯೂ ಬೇಕು. ವ್ಯಾಪಾರಕ್ಕೆ ಬಳಸುವ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರಬೇಕು.

ಈಗಾಗಲೇ ತಪ್ಪು ಅಳತೆ ಹೇಳಿ ಮಾರಿದ್ದರೆ? ಇದು ಹಕ್ಕುಲ್ ಇಬಾದ್, ಅಂದರೆ ಮನುಷ್ಯರ ಹಕ್ಕಿನ ವಿಷಯ. ಅಲ್ಲಾಹನಲ್ಲಿ ತೌಬಾ ಮಾಡಿದರಷ್ಟೇ ಸಾಲದು. ಕೊಂಡವರಿಗೆ ನಿಜ ತಿಳಿಸಿ, ಹೆಚ್ಚು ಪಡೆದ ಹಣವನ್ನು ಮರಳಿಸಬೇಕು, ಅಥವಾ ವಸ್ತುವನ್ನೇ ವಾಪಸ್ ಪಡೆಯಬೇಕು, ಅವರ ಕ್ಷಮೆ ಕೇಳಬೇಕು. ಹತ್ತು ರೂಪಾಯಿಯಾದರೂ ಅದು ಅವರದೇ.

ಮಾರುವವನೂ ಕೊಳ್ಳುವವನೂ ಸತ್ಯ ನುಡಿದು ಕುಂದನ್ನು ತಿಳಿಸಿದರೆ ಅವರ ವ್ಯವಹಾರದಲ್ಲಿ ಬರಕತ್ ಇರುತ್ತದೆ, ಮುಚ್ಚಿಟ್ಟರೆ ಅದು ಅಳಿಸಿಹೋಗುತ್ತದೆ ಎಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಮಕ್ಕಳ ಶಾಲಾ ಫೀಸಿಗೆ, ಮನೆ ಬಾಡಿಗೆಗೆ ಹೋಗುವ ನಮ್ಮ ಈ ಸಣ್ಣ ದುಡಿಮೆಗೆ ಬೇಕಾದದ್ದು ಆ ಬರಕತ್ತೇ. ಅಲ್ಲಾಹನು ನಮ್ಮೆಲ್ಲರಿಗೂ ಹಲಾಲ್ ಸಂಪಾದನೆಯ ಸೌಭಾಗ್ಯ ಕರುಣಿಸಲಿ. ಆಮೀನ್.