ಹಡಗಿನಿಂದ ಇಳಿದವರ ನಾಡು: ಟ್ರಿನಿಡಾಡಿನ ಜನಮೂಲ

ಒಂದು ನಾಡಿನ ಜನರ ಮೂಲವನ್ನು ಅರಿಯಬೇಕಾದರೆ ಅಲ್ಲಿ ದುಡಿದವರು ಯಾರು ಎಂಬುದನ್ನು ಮೊದಲು ಕೇಳಬೇಕು. ವೆನೆಜುವೆಲಾದ ಕರಾವಳಿಗೆ ಸಮೀಪದಲ್ಲಿರುವ ಟ್ರಿನಿಡಾಡ್ ಮತ್ತು ಟೊಬ್ಯಾಗೊ ಎಂಬ ಕೆರಿಬಿಯನ್ ದ್ವೀಪರಾಷ್ಟ್ರವು ಇದಕ್ಕೆ ತಕ್ಕ ನಿದರ್ಶನವಾಗಿದೆ. ೨೦೧೧ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ ಸುಮಾರು ೧೩ ಲಕ್ಷ ೨೮ ಸಾವಿರ. ಅವರಲ್ಲಿ ಭಾರತೀಯ ಮೂಲದವರು ಶೇ. ೩೫.೪, ಆಫ್ರಿಕಾ ಮೂಲದವರು ಶೇ. ೩೪.೨, ಮಿಶ್ರ ಮೂಲದವರು ಶೇ. ೨೨.೮. ಚೀನೀ, ಯುರೋಪ್ ಹಾಗೂ ಸಿರಿಯಾ-ಲೆಬನಾನ್ ಮೂಲದವರು ಅಲ್ಪಸಂಖ್ಯಾತರು. ಆದಿವಾಸಿಗಳೆಂದು ಬರೆಸಿದವರಂತೂ ಕೇವಲ ೧,೪೦೦ರಷ್ಟು ಮಂದಿ! ಉಳಿದವರೆಲ್ಲರ ಪೂರ್ವಜರೂ ಕಡಲ ಮೇಲೆ ಬಂದವರೇ.

೧೪೯೮ರಲ್ಲಿ ಕೊಲಂಬಸ್ ಟ್ರಿನಿಡಾಡನ್ನು ಕಂಡ ತರುವಾಯ ಅದು ಸ್ಪೇನಿನ ಅಧೀನವಾಯಿತು. ೧೭೮೩ರ ಸ್ಪೇನಿನ ರಾಜಾಜ್ಞೆಯು ಕ್ಯಾಥೊಲಿಕ್ ವಲಸೆಗಾರರಿಗೆ ಭೂಮಿಯನ್ನು ನೀಡಿದ್ದರಿಂದ ಫ್ರೆಂಚ್ ತೋಟಗಾರರು ತಮ್ಮ ಆಫ್ರಿಕನ್ ಗುಲಾಮರೊಡನೆ ಬಂದು ನೆಲೆಸಿದರು. ೧೭೯೭ರಲ್ಲಿ ದ್ವೀಪವು ಬ್ರಿಟಿಷರ ವಶವಾಯಿತು. ೧೮೩೮ರಲ್ಲಿ ಗುಲಾಮರು ಸಂಪೂರ್ಣ ಬಿಡುಗಡೆ ಹೊಂದಿದಾಗ ಕಬ್ಬಿನ ತೋಟಗಳ ಒಡೆಯರು ಅಗ್ಗದ ಕೂಲಿಗಾಗಿ ಭಾರತದತ್ತ ದೃಷ್ಟಿ ಹಾಯಿಸಿದರು. ೧೮೪೫ರ ಮೇ ೩೦ರಂದು ‘ಫತೆಲ್ ರಝಾಕ್’ ಎಂಬ ಹಡಗು ೨೦೦ಕ್ಕೂ ಹೆಚ್ಚು ಭಾರತೀಯರನ್ನು ಅಲ್ಲಿಗೆ ತಲುಪಿಸಿತು. ೧೯೧೭ರವರೆಗೆ ಹೀಗೆ ಕರಾರಿನ ಮೇಲೆ ಹೋದವರು ಸುಮಾರು ೧ ಲಕ್ಷ ೪೪ ಸಾವಿರ. ಬಹುಪಾಲು ಜನ ಇಂದಿನ ಉತ್ತರಪ್ರದೇಶ, ಬಿಹಾರಗಳಿಂದ ಕಲ್ಕತ್ತೆಯ ಮಾರ್ಗವಾಗಿ ಹೋದವರು. ಕೆಲವರು ಮದರಾಸಿನಿಂದ ಹಡಗನ್ನೇರಿದವರು.

ಹೀಗೆ ಹೊರಟ ಪ್ರತಿಯೊಬ್ಬರಿಗೂ ಒಂದು ರಹದಾರಿ ಚೀಟಿ ಇರುತ್ತಿತ್ತು. ಅದರಲ್ಲಿ ಹೆಸರು, ತಂದೆಯ ಹೆಸರು, ಜಾತಿ, ಊರು, ಠಾಣೆ, ಜಿಲ್ಲೆಗಳು ದಾಖಲಾಗುತ್ತಿದ್ದವು. ಉಳಿದುಬಂದಿರುವ ಈ ಚೀಟಿಗಳ ನೆರವಿನಿಂದ ಇಂದಿಗೂ ಮೊಮ್ಮಕ್ಕಳ ಮಕ್ಕಳು ಭಾರತಕ್ಕೆ ಬಂದು ಪೂರ್ವಜರ ಹಳ್ಳಿಯನ್ನು ಹುಡುಕುತ್ತಾರೆ. ಆಫ್ರಿಕಾ ಮೂಲದವರಿಗೆ ಈ ಭಾಗ್ಯವಿಲ್ಲ. ೧೮೧೩ರ ಗುಲಾಮರ ದಾಖಲೆಯಲ್ಲಿ ಅವರು ಹುಟ್ಟಿದ ಸೀಮೆ ಅಥವಾ ಬುಡಕಟ್ಟು ಸಿಕ್ಕೀತು. ಆದರೆ ಹೆಸರು ಸಾಮಾನ್ಯವಾಗಿ ಒಡೆಯನು ಇಟ್ಟದ್ದು. ಒಬ್ಬನ ವಂಶಾವಳಿ ಉಳಿಯುವುದೂ ಇನ್ನೊಬ್ಬನದು ಅಳಿಯುವುದೂ ಕುಲದ ಹಿರಿಮೆಯಿಂದಲ್ಲ, ಬರೆದಿಟ್ಟವರ ಇಚ್ಛೆಯಿಂದ ಎಂಬುದನ್ನು ನಾವು ಮರೆಯಬಾರದು.

ಇತ್ತ ಚೀಟಿಯಲ್ಲಿ ಬರೆದ ಜಾತಿ ಹಡಗಿನಲ್ಲಿಯೇ ಸಡಿಲಗೊಂಡಿತು. ತಿಂಗಳುಗಟ್ಟಲೆ ಒಂದೇ ಅಡುಗೆಯನ್ನು ಉಂಡು ಬದುಕುಳಿದವರು ಪರಸ್ಪರ ‘ಜಹಾಜಿ ಭಾಯಿ’ಗಳಾದರು; ಒಡಹುಟ್ಟಿದವರಂತೆ ಕಷ್ಟಸುಖಗಳಲ್ಲಿ ಒಬ್ಬರಿಗೊಬ್ಬರು ಆದರು. ಆದರೂ ಅವರ ಸಂಸಾರಕ್ಕೆ ಸರ್ಕಾರದ ಮನ್ನಣೆ ಸುಲಭವಾಗಿ ದೊರೆಯಲಿಲ್ಲ. ೧೯೪೫ರಲ್ಲಿ ಹಿಂದೂ ವಿವಾಹ ಕಾನೂನು ಆಗುವವರೆಗೆ, ಕೇವಲ ಶಾಸ್ತ್ರವಿಧಿಯಿಂದ ಮದುವೆಯಾಗಿ ನೋಂದಣಿ ಮಾಡಿಸದವರ ಮಕ್ಕಳು ಕಾನೂನಿನ ಕಣ್ಣಿನಲ್ಲಿ ಅಕ್ರಮ ಸಂತಾನವೆನಿಸಿಕೊಂಡರು.

ಅವಮಾನದ ಆ ನೋವನ್ನು ಉಂಡವರೇ ಇನ್ನೊಬ್ಬರಿಗೆ ಅದನ್ನು ಬಡಿಸಿದ್ದೂ ಉಂಟು. ಭಾರತೀಯ-ಆಫ್ರಿಕನ್ ದಂಪತಿಗಳ ಮಕ್ಕಳನ್ನು ‘ದೋಗ್ಲಾ’ ಎಂದರು. ಹಿಂದಿಯಲ್ಲಿ ಅದು ಬೆರಕೆ ಹುಟ್ಟು ಎಂಬ ಬೈಗುಳ. ಆದರೆ ೨೦೧೧ರ ಗಣತಿಯಲ್ಲಿ ಶೇ. ೭.೭ರಷ್ಟು ಜನ ಅದೇ ಹೆಸರಿನಡಿ ತಮ್ಮನ್ನು ಗುರುತಿಸಿಕೊಂಡರು. ಬೈಗುಳವೇ ಅವರ ಗುರುತಾಯಿತು. ಚುನಾವಣೆಗಳಲ್ಲಿ ಜನಾಂಗದ ಬಿರುಕು ಅಲ್ಲಿ ಇಂದಿಗೂ ಕಾಣುತ್ತದೆ, ನಿಜ. ಆದರೆ ಅಜ್ಜನ ಊರು ಗಂಗೆಯ ಬಯಲಿನಲ್ಲಿ, ಅಜ್ಜಿಯ ಮೂಲ ಆಫ್ರಿಕಾದಲ್ಲಿ ಎನ್ನುವ ಮಗು ಯಾವ ಪಕ್ಕಕ್ಕೆ ನಿಲ್ಲಬೇಕು? ಎರಡೂ ತನ್ನವೇ ಎಂದು ಅದು ಹೇಳಿದರೆ, ಅಲ್ಲವೆನ್ನುವ ಅಧಿಕಾರ ಹಿರಿಯರಿಗೆ ಇಲ್ಲ.