ಗಡಿ ಸರಿದರೂ ಉಳಿದ ಕುಣಿತ

ಹಂಗೆರಿಯ ಸಂಗೀತ ರಚನಕಾರ ಬೇಲಾ ಬಾರ್ಟೋಕ್ (1881–1945) ಅವರು 1915ರಲ್ಲಿ ಪಿಯಾನೋ ವಾದ್ಯಕ್ಕಾಗಿ ಆರು ಕಿರುನೃತ್ಯಗಳನ್ನು ರಚಿಸಿದರು. ಆಗ ಅದರ ಹೆಸರು ‘ಹಂಗೆರಿಯ ರುಮೇನಿಯನ್ ಜಾನಪದ ನೃತ್ಯಗಳು’. ಇಂದು ಅದು ‘ರುಮೇನಿಯನ್ ಜಾನಪದ ನೃತ್ಯಗಳು’ ಎಂದಷ್ಟೇ ಪ್ರಸಿದ್ಧವಾಗಿದೆ. ಈ ಒಂದು ಪದದ ಲೋಪದ ಹಿಂದೆ ಒಂದು ನಾಡಿನ ಇತಿಹಾಸವೇ ಅಡಗಿದೆ.

1904ರಲ್ಲಿ ಟ್ರಾನ್ಸಿಲ್ವೇನಿಯಾ ಮೂಲದ ಮನೆಗೆಲಸದ ತರುಣಿಯೊಬ್ಬಳು ಹಾಡಿಕೊಳ್ಳುತ್ತಿದ್ದುದನ್ನು ಕೇಳಿ ಬಾರ್ಟೋಕ್ ಬೆರಗಾದರು. ನಗರಗಳಲ್ಲಿ ಜನಪ್ರಿಯವಾಗಿದ್ದ ‘ಹಂಗೆರಿಯ ಸಂಗೀತ’ಕ್ಕಿಂತ ಇದು ತೀರ ಬೇರೆಯಾಗಿತ್ತು. ಮುಂದೆ ಗೆಳೆಯ ಜೊಲ್ತಾನ್ ಕೊಡಾಯ್ ಅವರೊಡನೆ ಜಾನಪದ ಸಂಗ್ರಹಕ್ಕೆ ತೊಡಗಿ, ಮೇಣದ ಉರುಳೆಗಳ ಮೇಲೆ ಧ್ವನಿ ಮುದ್ರಿಸುವ ಫೋನೋಗ್ರಾಫ್ ಹೊತ್ತು ಹಳ್ಳಿಗಳನ್ನು ಸುತ್ತಿದರು. ತಮ್ಮವರ ಹಾಡುಗಳಂತೆಯೇ ಸ್ಲೋವಾಕರ, ರುಮೇನಿಯನ್ನರ ಹಾಡುಗಳನ್ನೂ ಶ್ರದ್ಧೆಯಿಂದ ಬರೆದುಕೊಂಡರು. ರುಮೇನಿಯನ್ ಧಾಟಿಗಳೇ 3,000ಕ್ಕೂ ಮಿಕ್ಕಿದ್ದವು. ಈ ಸಂಗ್ರಹಕ್ಕೆ ನೆರವಾದವರು ಬೇಲೆನ್ಯೆಶ್ ಪಟ್ಟಣದ ಅಧ್ಯಾಪಕ ಯೋನ್ ಬುಷಿತ್ಸಿಯಾ. ಕೃತಿಯನ್ನು ಅವರಿಗೇ ಅರ್ಪಿಸಲಾಗಿದೆ.

ಆರು ನೃತ್ಯಗಳೂ ಸೇರಿ ಐದಾರು ನಿಮಿಷಗಳಷ್ಟೇ. ಕೋಲಿನ ಕುಣಿತದಿಂದ ಆರಂಭಗೊಂಡು, ನಡುಪಟ್ಟಿಯ ಕುಣಿತವನ್ನು ಹಾಯ್ದು, ಕಾಲು ಕದಲಿಸದೆ ನಿಂತಲ್ಲೇ ಕುಣಿಯುವ ಮೂರನೆಯದಕ್ಕೆ ಬಂದಾಗ ಗತಿ ಮಂದವಾಗುತ್ತದೆ. ಅಲ್ಲಿ ಪಿಯಾನೋ ಕುರುಬರ ಕೊಳಲನ್ನು ನೆನಪಿಸುತ್ತದೆ. ಮಾಯಾಮಾಳವಗೌಳದ ರಿಷಭ–ಗಾಂಧಾರಗಳ ನಡುವಿನಷ್ಟೇ ಅಗಲವಾದ ಸ್ವರಾಂತರವೊಂದು ಅದಕ್ಕೆ ವಿಷಾದದ ಛಾಯೆ ಕೊಟ್ಟಿದೆ. ಕೊನೆಯ ಕುಣಿತ ವೇಗದಲ್ಲಿ ಮುಗಿಯುತ್ತದೆ. ಬಾರ್ಟೋಕ್ ಮೂಲ ಧಾಟಿಗಳನ್ನು ಹೆಚ್ಚು ತಿದ್ದಲಿಲ್ಲ. ಅವಕ್ಕೆ ಒಪ್ಪುವ ಸ್ವರಮೇಳಗಳನ್ನು ಜೊತೆಗೂಡಿಸಿದರು. 1917ರಲ್ಲಿ ಅವರೇ ಕೃತಿಯನ್ನು ವಾದ್ಯವೃಂದಕ್ಕೆ ಅಳವಡಿಸಿದರು.

ಮೊದಲ ಮಹಾಯುದ್ಧದ ತರುವಾಯ, 1920ರ ಟ್ರಿಯಾನಾನ್ ಒಪ್ಪಂದದಂತೆ ಟ್ರಾನ್ಸಿಲ್ವೇನಿಯಾ ರುಮೇನಿಯಾಕ್ಕೆ ಸೇರಿತು. ಬಾರ್ಟೋಕ್ ಹುಟ್ಟಿದ ಊರೂ ಗಡಿಯಾಚೆಗೆ ಹೋಯಿತು. ಕೃತಿಯ ಹೆಸರಿನಿಂದ ‘ಹಂಗೆರಿಯ’ ಎಂಬ ಮಾತು ಬಿದ್ದುಹೋಯಿತು. ರುಮೇನಿಯನ್ ಸಂಗೀತದ ಬಗ್ಗೆ ಬರೆದುದಕ್ಕಾಗಿ ಅದೇ ವರ್ಷ ಬುಡಾಪೆಸ್ಟ್‌ನಲ್ಲಿ ಅವರ ದೇಶಭಕ್ತಿಯನ್ನೇ ಶಂಕಿಸಿದರು. ಆದರೂ ಅವರು ಆ ಅಧ್ಯಯನವನ್ನು ಕೈಬಿಡಲಿಲ್ಲ. ಜನಾಂಗಗಳ ಸೋದರಭಾವವೇ ತಮ್ಮ ಆದರ್ಶವೆಂದು 1931ರ ಪತ್ರವೊಂದರಲ್ಲಿ ಬರೆದರು.

ನೆರೆಯವರ ಹಾಡನ್ನು ಪ್ರೀತಿಸಿದ ಮಾತ್ರಕ್ಕೆ ತನ್ನ ನುಡಿಯ ಮೇಲಿನ ಅಭಿಮಾನ ಕುಂದುವುದಿಲ್ಲವೆಂಬುದಕ್ಕೆ ಈ ಕೃತಿ ಸಾಕ್ಷಿ. ಗಡಿನಾಡಿನಲ್ಲಿ ಬಾಳುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.